ಹಲ್ಲಿನ ಡಾಕ್ಟರ ಪಿಸ್ತೂಲು

ಹಳೇ ಮಾಲಿನ ವಿಷಯದಲ್ಲಿ ನನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಎಂದು ಇಪ್ಪತ್ತಾರು ವರ್ಷಗಳಿಂದ ಹೇಳಿಕೊಂಡು ಬಂದವನು ನಾನು. ನನ್ನದು ಹೊಲಿಗೆ ಮಷಿನ್ ರಿಪೇರಿ ಮಾಡುವ ಕೆಲಸ. ಮಷಿನ್ನಿನ ಚಕ್ರ ಒಂದು ಸುತ್ತು ತಿರುಗಿದರೆ ಸಾಕು, ಒಳಗೆ ಏನು ಸವೆದಿದೆ, ಹಿಂದಿನ ಯಜಮಾನರು ಅದನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದಾರೆ ಎಂಬುದೆಲ್ಲ ನನ್ನ ಕಿವಿಗೇ ಗೊತ್ತಾಗುತ್ತದೆ. ಹಾಗಾಗಿ ಮಗಳಿಗೆ ಒಂದು ಹಳೆಯ ಫಾರಿನ್ ಪಿಸ್ತೂಲು ಕೊಳ್ಳಬೇಕೋ ಬೇಡವೋ ಎಂಬ ಮಾತು ಬಂದಾಗ ನಾನು ಯಾರ ಸಲಹೆಯನ್ನೂ ಕೇಳಲಿಲ್ಲ. ಕೇಳಬೇಕಿತ್ತು.

ಪಿಸ್ತೂಲು ಎಂದ ಕೂಡಲೇ ಗಾಬರಿಯಾಗಬೇಡಿ. ಇದು ಗಾಳಿಯ ಒತ್ತಡದಲ್ಲಿ ಮೆಣಸಿನ ಕಾಳಿನಷ್ಟು ಸೀಸದ ಗುಂಡನ್ನು ಹಾರಿಸುವ ಆಟದ ಪಿಸ್ತೂಲು. ಹತ್ತು ಮೀಟರ್ ದೂರದ ಕಾಗದಕ್ಕೆ ತೂತು ಮಾಡುವುದನ್ನು ಬಿಟ್ಟರೆ ಅದಕ್ಕೆ ಬೇರೆ ಕಸುಬಿಲ್ಲ. ನನ್ನ ಮಗಳಿಗೂ ಮೂರು ವರ್ಷಗಳಿಂದ ಬೇರೆ ಕಸುಬಿರಲಿಲ್ಲ. ಅವಳಿಗೆ ಹತ್ತೊಂಬತ್ತು ವರ್ಷ, ಆಳು ತೆಳ್ಳಗೆ, ಮಾತು ಚುರುಕು. ನನ್ನ ಅಂಗಡಿಗೆ ಬರುವ ಟೈಲರುಗಳೆಲ್ಲ ಸೇರಿ ಅವಳಿಗೆ ಸೂಜಿ ಎಂದು ಹೆಸರಿಟ್ಟುಬಿಟ್ಟಿದ್ದರು. ಶೂಟಿಂಗ್ ಕ್ಲಬ್ಬಿನಲ್ಲಿ ಎಂಟು ಜನಕ್ಕೆ ಇದ್ದದ್ದು ಎರಡೇ ಪಿಸ್ತೂಲು. ಅವಳ ಪಾಲಿಗೆ ದಿನಕ್ಕೆ ಅರ್ಧ ಗಂಟೆ ಸಿಗುತ್ತಿತ್ತು. ಅದರ ಟ್ರಿಗರ್ರೋ, ಇವತ್ತು ಒಂದು ಥರ, ನಾಳೆ ಇನ್ನೊಂದು ಥರ. ತಂಡದ ಆಯ್ಕೆಗೆ ಒಂಬತ್ತು ದಿನ ಉಳಿದಿತ್ತು. ಅದರಲ್ಲಿ ಗೆದ್ದರೆ ವರ್ಷವಿಡೀ ತರಬೇತಿ, ಸೋತರೆ ಮತ್ತೆ ಅದೇ ಅರ್ಧ ಗಂಟೆ.

ಅಷ್ಟರಲ್ಲಿ ನಮ್ಮ ಬೀದಿಯ ತುದಿಯ ಹಲ್ಲಿನ ಡಾಕ್ಟರು ತಮ್ಮ ಪಿಸ್ತೂಲನ್ನು ಮಾರುತ್ತಾರೆ ಎಂಬ ಸುದ್ದಿ ಬಂತು. ಆಕೆ ಇಪ್ಪತ್ತು ವರ್ಷ ಇದೇ ಆಟ ಆಡಿದವರು. ಒಮ್ಮೆ ಪಂದ್ಯಕ್ಕೆಂದು ಹೊರದೇಶಕ್ಕೆ ಹೋದಾಗ ಅದನ್ನು ಅಲ್ಲೇ ಆರಿಸಿ ತಂದಿದ್ದರಂತೆ. ಈಗ ಭುಜ ಕೈಕೊಟ್ಟಿತ್ತು. "ಹಲ್ಲು ಕೀಳೋಷ್ಟು ಶಕ್ತಿ ಇದೆ, ಒಂದೂವರೆ ಗಂಟೆ ತೋಳು ಚಾಚಿ ನಿಲ್ಲೋಷ್ಟಿಲ್ಲ," ಎಂದು ನಕ್ಕರು. ನಮ್ಮನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗಿ ಸೂಜಿಯ ಕೈಗೆ ಪಿಸ್ತೂಲು ಕೊಟ್ಟರು. ಅವಳು ಹತ್ತು ಗುಂಡು ಹೊಡೆದಳು. ಹತ್ತು ತೂತುಗಳೂ ಒಂದು ಕೋಟಿನ ಗುಂಡಿಯ ಕೆಳಗೆ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು. ಅವಳು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು, ಬೇರೆ ಯಾರದ್ದೋ ಕಾಗದ ತನ್ನ ಕೈಗೆ ಸಿಕ್ಕಿದೆ ಎನ್ನುವಂತೆ.

"ಮೂರು ದಿನ ಇಟ್ಕೊಳ್ಳಿ. ಅಭ್ಯಾಸ ಮಾಡಿ ನೋಡ್ಲಿ. ಆಮೇಲೆ ಬೇಕೋ ಬೇಡ್ವೋ ಹೇಳಿ," ಎಂದರು ಡಾಕ್ಟರು.

ಬೆಲೆ ನಮ್ಮ ಮಟ್ಟಕ್ಕೆ ಭಾರವೇ. ಆದರೂ ಒಳ್ಳೆಯ ಮಾಲು ಅಂದರೆ ಹೇಗಾದರೂ ಹೊಂದಿಸೋಣ ಎಂದು ಅಂಗಿಗಳಿಗೆ ಕಾಜಾ ಹೊಲಿಯುವ ನನ್ನ ಹೆಂಡತಿಯೂ ಒಪ್ಪಿದ್ದಳು. ಒಳ್ಳೆಯದೋ ಅಲ್ಲವೋ ಎಂದು ಹೇಳಬೇಕಾದವನು ನಾನು. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪೆಟ್ಟಿಗೆ ತೆರೆದು, ಕನ್ನಡಕ ಏರಿಸಿ, ಪಿಸ್ತೂಲನ್ನು ಎಲ್ಲ ಕಡೆಯಿಂದ ನೋಡಿದೆ. ಕಚ್ಚಾ ಕೆಲಸ ಎಲ್ಲೂ ಇರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಈಗ ನನ್ನದೊಂದು ಅಭ್ಯಾಸ ಹೇಳಬೇಕು. ನನ್ನ ಕೈಗೆ ಬಂದ ಯಾವ ಯಂತ್ರವೂ ಎಣ್ಣೆ ಕುಡಿಯದೆ ವಾಪಸ್ಸು ಹೋಗಿದ್ದಿಲ್ಲ. ಬೀಗ, ಕತ್ತರಿ, ಫ್ಯಾನು, ನಮ್ಮ ಅತ್ತೆಯ ಗಾಲಿಕುರ್ಚಿ, ಎಲ್ಲಕ್ಕೂ ಒಂದೇ ಉಪಚಾರ. ಆ ಸಂಜೆಯೂ ಉದ್ದ ಮೂತಿಯ ಬಾಟಲಿಯಿಂದ, ಗುಂಡು ತುಂಬುವ ಕಡೆ ಎರಡು ಹನಿ, ನಳಿಗೆಯ ಮುಂದಿನ ಬಾಯಿಗೆ ಒಂದು ಹನಿ ಬಿಟ್ಟು, ಹೊರಗೆ ಒರೆಸಿ ಪೆಟ್ಟಿಗೆ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕು ಎಂದಲ್ಲ. ಊಟಕ್ಕೆ ಮುಂಚೆ ಕೈ ತೊಳೆದೆ ಎಂದು ಯಾರಾದರೂ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆಯೇ?

ಮರುದಿನ ಸೂಜಿ ಕ್ಲಬ್ಬಿನಿಂದ ಬಂದವಳು ಕಾಗದಗಳನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ತೂತುಗಳು ದಿಕ್ಕಾಪಾಲಾಗಿದ್ದವು. ಒಂದು ಮೇಲೆ, ಒಂದು ಕೆಳಗೆ, ಒಂದು ಕಾಗದದ ಅಂಚಿನಲ್ಲಿ. ಬಿಗಿಯಾಗಿದೆಯೇನೋ ಎಂದು ಆ ಸಂಜೆ ಮತ್ತೆ ಮೂರು ಹನಿ ಬಿಟ್ಟೆ. ಅದರ ಮರುದಿನ ಇನ್ನೂ ಕೆಟ್ಟಿತು. ನಾನೂ ಪಟ್ಟು ಬಿಡದೆ ಇನ್ನೂ ಮೂರು ಹನಿ ಬಿಟ್ಟೆ. ಮೂರನೆಯ ದಿನ ಎರಡು ಗುಂಡು ಕಾಗದಕ್ಕೇ ತಾಗಿರಲಿಲ್ಲ.

"ನಾನು ಮೊದಲೇ ಅಂದ್ಕೊಂಡಿದ್ದೆ," ಎಂದೆ ಗಂಭೀರವಾಗಿ. "ಹಳೇ ಮಾಲು ಮೊದಲನೇ ದಿನ ಮನೆಗೆ ಬಂದ ನೆಂಟರ ಥರ ನಯವಾಗೇ ಇರುತ್ತೆ. ಒಳಗೆ ಏನೋ ಸವೆದಿದೆ. ಬೇಡ, ವಾಪಸ್ ಕೊಟ್ಬಿಡೋಣ."

ಸೂಜಿ ತಲೆ ಎತ್ತಲಿಲ್ಲ. "ಇಪ್ಪತ್ತು ವರ್ಷ ಕೆಡದೇ ಇದ್ದದ್ದು ನಮ್ಮನೆಗೆ ಬಂದು ಒಂದೇ ದಿನದಲ್ಲಿ ಕೆಡುತ್ತಾ ಅಪ್ಪ? ಪಿಸ್ತೂಲು ಸರಿಯಾಗೇ ಇದೆ. ಸರಿ ಇಲ್ದೇ ಇರೋದು ನನ್ನ ಕೈ. ಇಷ್ಟು ದಿನ ಕ್ಲಬ್ಬಿನ ಪಿಸ್ತೂಲಿನ ಮೇಲೆ ತಪ್ಪು ಹೊರಿಸ್ತಿದ್ದೆ. ಈಗ ಹೊರಿಸೋಕೆ ಯಾರೂ ಇಲ್ಲ."

"ಮೊದಲ ದಿನ ಹೊಡೆದ್ಯಲ್ಲ?"

"ಅದೃಷ್ಟ," ಎಂದಳು. "ಶನಿವಾರ ಕೋಚ್‌ಗೆ ಹೇಳಿ ಹೆಸರು ತೆಗೆಸ್ತೀನಿ."

ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ರೇಗಿದ್ದರೆ ನಾನೂ ರೇಗಬಹುದಿತ್ತು. ಅವಳು ಎರಡೂ ಮಾಡದೆ ತಟ್ಟೆ ತೊಳೆಯಲು ಎದ್ದಳು. ನನ್ನ ಹೆಂಡತಿ ನನ್ನ ಕಡೆ ತಿರುಗಿ, "ರೀ, ನೀವೇನಾದ್ರೂ ಅದರ ಮೇಲೆ ಕೈ ಆಡಿಸಿದ್ರಾ?" ಎಂದು ಕೇಳಿದಳು. "ಒಂದು ತಿರುಪೂ ಮುಟ್ಟಿಲ್ಲ, ಆಣೆ," ಎಂದೆ. ಅದು ಸುಳ್ಳಲ್ಲ. ಎಣ್ಣೆ ಹಾಕುವುದು ನನ್ನ ಪ್ರಕಾರ ಕೈ ಆಡಿಸುವುದಲ್ಲ.

ಗುರುವಾರ ಪೆಟ್ಟಿಗೆ ಹಿಡಿದು ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಬೆಂಚಿನ ಮೇಲೆ ನಾಲ್ಕು ಜನ ಗಲ್ಲ ಹಿಡಿದು ಕೂತಿದ್ದರು. ಡಾಕ್ಟರು ಬಾಗಿಲಿಗೆ ಬರುತ್ತಿದ್ದಂತೆಯೇ ನಾನು ಗಟ್ಟಿಯಾಗಿ, "ಡಾಕ್ಟ್ರೇ, ಇಪ್ಪತ್ತು ವರ್ಷ ಉಜ್ಜಿ ಸವೆಸಿದ ಮಾಲನ್ನ ಚಿಕ್ಕ ಹುಡುಗಿ ತಲೆಗೆ ಕಟ್ಟೋದು ನಿಮ್ಮಂಥವರಿಗೆ ಶೋಭೆ ಅಲ್ಲ," ಎಂದುಬಿಟ್ಟೆ. ನಾಲ್ಕು ಗಲ್ಲಗಳೂ ನನ್ನ ಕಡೆ ತಿರುಗಿದವು. ಆಕೆಯ ಮುಖ ಕೆಂಪಾಯಿತು. ಆದರೆ ವಾದಕ್ಕಿಳಿಯಲಿಲ್ಲ. "ಸರಿ, ಇಟ್ಟು ಹೋಗಿ. ನಾಳೆ ಸಂಜೆ ಇನ್ನೊಬ್ರು ನೋಡೋಕೆ ಬರ್ತಾರೆ," ಎಂದು ಒಳಗೆ ಹೋದರು. ಗೆದ್ದವನಂತೆ ಎದೆ ಸೆಟೆಸಿಕೊಂಡು ಮನೆಗೆ ಬಂದೆ.

ಶುಕ್ರವಾರ ಮಧ್ಯಾಹ್ನ ಪರದೆ ಹೊಲಿಯುವಾಕೆ ತನ್ನ ಮಷಿನ್ ತೆಗೆದುಕೊಂಡು ಹೋಗಲು ಅಂಗಡಿಗೆ ಬಂದಳು. ಒಂದು ಸಲ ಓಡಿಸಿ ತೋರಿಸಿ, ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. "ಈಗ ತಾನೇ ಎಣ್ಣೆ ಬಿಟ್ಟಿದೀನಿ. ಮನೆಗೆ ಹೋಗಿ ಮೊದಲು ಒಂದು ಗಜ ಚಿಂದಿ ಬಟ್ಟೆ ಹೊಲೀರಿ. ಎಣ್ಣೆ ಪೂರ್ತಿ ಕಕ್ಕೋ ತನಕ ಒಳ್ಳೇ ಬಟ್ಟೆ ಇಡ್ಬೇಡಿ, ಕೆಲಸ ಕೆಡುತ್ತೆ."

ಕೆಲಸ ಕೆಡುತ್ತೆ ಎನ್ನುವಾಗಲೇ ಅಡುಗೆಮನೆಯ ಮೇಜು, ಉದ್ದ ಮೂತಿಯ ಬಾಟಲಿ ಕಣ್ಣ ಮುಂದೆ ಬಂದವು. ಪರದೆಯಾಕೆ ಹೋದದ್ದೂ ಗೊತ್ತಾಗಲಿಲ್ಲ. ಸ್ಟೂಲಿನ ಮೇಲೆ ಕೂತು ಹನಿಗಳನ್ನು ಎಣಿಸಿದೆ. ಮೂರು ಮೂರಲ ಒಂಬತ್ತು.

ಎರಡು ನಿಮಿಷ ಸುಮ್ಮನೆ ಕೂತಿದ್ದೆ. ಸುಳ್ಳೇಕೆ, ಹತ್ತು ನಿಮಿಷ ಕೂತಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಸಂಜೆ ಬರುವವರು ಪಿಸ್ತೂಲು ಒಯ್ಯುತ್ತಾರೆ, ನಾಲ್ಕು ದಿನದಲ್ಲಿ ಎಣ್ಣೆ ತಾನಾಗಿಯೇ ಹೋಗುತ್ತದೆ, ನನ್ನ ಇಪ್ಪತ್ತಾರು ವರ್ಷದ ಹೆಸರು ಹಾಗೆಯೇ ಉಳಿಯುತ್ತದೆ. ಆದರೆ ನನ್ನ ಮಗಳು ಮಾತ್ರ ತನ್ನ ಕೈಯೇ ಸರಿಯಿಲ್ಲ ಎಂದು ನಂಬಿಕೊಂಡು ಮುದುಕಿಯಾಗುತ್ತಾಳೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಂಗಡಿಯ ಬಾಗಿಲೆಳೆದು ಬೀಗ ಹಾಕಿ ಓಡಿದೆ.

ಡಾಕ್ಟರು ಒಬ್ಬ ದಪ್ಪ ಮನುಷ್ಯನ ಬಾಯಿಗೆ ಹತ್ತಿ ತುರುಕಿ ಲೈಟು ಸರಿಮಾಡುತ್ತಿದ್ದರು. ನನಗೆ ಕಾಯುವ ತಾಳ್ಮೆ ಇರಲಿಲ್ಲ. ಬಾಗಿಲಲ್ಲೇ ನಿಂತು, "ಡಾಕ್ಟ್ರೇ, ತಪ್ಪು ನಂದು. ನಿಮ್ಮ ಪಿಸ್ತೂಲಿಗೆ ನಾನು ಎಣ್ಣೆ ಹಾಕಿದೆ," ಎಂದೆ.

ಆಕೆ ನಿಧಾನವಾಗಿ ತಿರುಗಿದರು. "ಎಲ್ಲಿಗೆ?"

"ನಳಿಗೆಗೆ."

"ಎಷ್ಟು ಹನಿ?"

"ದಿನಕ್ಕೆ ಮೂರು."

"ಎಷ್ಟು ದಿನ?"

"ಮೂರು ದಿನ."

"ಊಟಕ್ಕೆ ಮುಂಚೇನೋ, ಊಟ ಆದ್ಮೇಲೋ?"

ಕುರ್ಚಿಯಲ್ಲಿದ್ದ ದಪ್ಪ ಮನುಷ್ಯ ಹತ್ತಿಯ ನಡುವೆಯೇ ಗೊಳ್ಳೆಂದು ನಕ್ಕು, ಕೆಮ್ಮಿ, ಕಣ್ಣೀರು ಒರೆಸಿಕೊಂಡ. ಡಾಕ್ಟರು ಬೀರುವಿನಿಂದ ಪೆಟ್ಟಿಗೆ ತೆಗೆದು, ತೆಳ್ಳನೆಯ ಕಡ್ಡಿಗೆ ಹತ್ತಿ ಸುತ್ತಿ ನಳಿಗೆಯೊಳಗೆ ತಳ್ಳಿದರು. ಹತ್ತಿ ಹಳದಿಯಾಗಿ, ತೊಯ್ದು ಹೊರಬಂತು. "ಇದು ಗಾಳಿ ಕುಡಿದು ಬದುಕೋ ಪ್ರಾಣಿ ಕಣ್ರೀ," ಎಂದರು. "ಎಣ್ಣೆ ಮೆತ್ತಿದ ನಳಿಗೆಯಿಂದ ಗುಂಡು ಒಂದು ಸಲ ಹೋದ ಹಾಗೆ ಇನ್ನೊಂದು ಸಲ ಹೋಗಲ್ಲ. ಒಳಗಿನ ರಬ್ಬರಿಗೆ ಇಳಿದಿಲ್ಲ, ನಿಮ್ಮ ಪುಣ್ಯ. ಕ್ಲೀನ್ ಮಾಡಿದ್ರೆ ಸರಿ ಹೋಗುತ್ತೆ."

"ನಿನ್ನೆ ಎಲ್ಲರೆದುರಿಗೆ ಹಾಗೆ ಅಂದದ್ದಕ್ಕೆ..."

"ಅದನ್ನ ಆಮೇಲೆ ನೋಡ್ಕೊಳ್ಳೋಣ. ಸಂಜೆ ಬರೋರಿಗೆ ನಾಳೆ ಬನ್ನಿ ಅಂತೀನಿ. ಆರು ಗಂಟೆಗೆ ಹುಡುಗೀನ ಕ್ಲಬ್ಬಿಗೆ ಕರ್ಕೊಂಡು ಬನ್ನಿ. ಆದ್ರೆ ಅವಳಿಗೆ ವಿಷಯ ಹೇಳಬೇಕಾದೋರು ನೀವೇ, ನಾನಲ್ಲ."

ಮನೆಯಲ್ಲಿ ಸೂಜಿ ತನ್ನ ಶೂಟಿಂಗ್ ಶೂಗಳನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಲು ಸ್ಟೂಲು ಹತ್ತಿದ್ದಳು. ಕೆಳಗೆ ನಿಂತು ಇದ್ದದ್ದನ್ನೆಲ್ಲ ಹೇಳಿದೆ. ಒಂದು ಹನಿಯನ್ನೂ ಬಿಡಲಿಲ್ಲ. ಹೆಂಡತಿ ಕಾಜಾ ಹೊಲಿಯುವುದನ್ನು ನಿಲ್ಲಿಸಿ ಹಣೆ ಚಚ್ಚಿಕೊಂಡಳು.

"ಮೂರೂ ದಿನಾನಾ?" ಎಂದಳು ಸೂಜಿ.

"ಮೂರೂ ದಿನ."

ಅವಳು ಸ್ಟೂಲಿನ ಮೇಲೇ ಕುಳಿತು ಅತ್ತಳು. ಮೂರು ದಿನದಿಂದ ತಡೆದಿಟ್ಟುಕೊಂಡಿದ್ದ ಅಳು ಅದು. ನಾನು ಹತ್ತಿರ ಹೋದರೆ ಬೆನ್ನಿಗೆ ಅವಳದೊಂದು ಗುದ್ದು ಬಿತ್ತು, ಚೆನ್ನಾಗಿಯೇ ಬಿತ್ತು. ಆಮೇಲೆ ಪತ್ರಿಕೆ ಹರಿದು ಶೂ ಹೊರಗೆ ತೆಗೆದಳು.

ಕ್ಲಬ್ಬಿನಲ್ಲಿ ಡಾಕ್ಟರು ಗುಂಡಿನ ಬದಲು ಉಣ್ಣೆಯ ಸಣ್ಣ ಸಣ್ಣ ಉಂಡೆಗಳನ್ನು ತುಂಬಿ, ಒಂದೊಂದಾಗಿ ಹೊಡೆದು ನಳಿಗೆಯನ್ನು ಒರೆಸಿದರು. ಎಷ್ಟೋ ಉಂಡೆಗಳಾದ ಮೇಲೆ ಒಂದು ಉಂಡೆ ಎಣ್ಣೆ ತಾಗದೆ ಹೊರಬಂತು. ಪಿಸ್ತೂಲನ್ನು ಸೂಜಿಯ ಕೈಗಿತ್ತು ಹಿಂದೆ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂತರು. ಸೂಜಿ ತೋಳು ಚಾಚಿದಳು. ಮೊದಲ ಗುಂಡು ಕಾಗದದ ಕೆಳಗಿನ ಅಂಚಿಗೆ ಬಿತ್ತು. ಎರಡನೆಯದೂ ಅಲ್ಲೇ. ನಿಜವಾಗಿಯೂ ಕೈಯದೇ ದೋಷವಾಗಿದ್ದರೆ, ಅದನ್ನು ಅವಳಿಗೆ ಎರಡನೆಯ ಸಲ ತೋರಿಸಲು ನಾನೇ ಕರೆತಂದಂತಾಗಿತ್ತು. ಅವಳು ಪಿಸ್ತೂಲು ಕೆಳಗಿಟ್ಟು, ಉಸಿರೆಳೆದುಕೊಂಡು, ಮತ್ತೆ ಎತ್ತಿದಳು. ಮೂರನೆಯದು ನಟ್ಟನಡುವೆ ಬಿತ್ತು. ನಾಲ್ಕನೆಯದು ಅದಕ್ಕೆ ತಾಗಿಕೊಂಡೇ. ಹೊಸದಾಗಿ ಒರೆಸಿದ ನಳಿಗೆ ಹದಕ್ಕೆ ಬರಲು ಒಂದೆರಡು ಗುಂಡು ಬೇಕಂತೆ, ಡಾಕ್ಟರು ಆಮೇಲೆ ಹೇಳಿದರು. ಐದು, ಆರು, ಏಳು. ದೂರದರ್ಶಕದಲ್ಲಿ ನೋಡುತ್ತಿದ್ದ ಡಾಕ್ಟರು ಹತ್ತನೆಯದಕ್ಕೆ ಅದನ್ನು ನನ್ನ ಕಡೆ ತಳ್ಳಿದರು. ನನಗೆ ಏನೂ ಕಾಣಿಸಲಿಲ್ಲ, ಕಣ್ಣು ಮಂಜಾಗಿತ್ತು.

"ಹಾಗಾದ್ರೆ ಏನು ತೀರ್ಮಾನ?" ಎಂದು ಡಾಕ್ಟರು ಮೆಲ್ಲಗೆ ಕೇಳಿದರು. "ತಗೋತೀರೋ, ನಾಳೆ ಬರೋರಿಗೆ ಕೊಡ್ಲೋ?"

"ಇನ್ಮೇಲೆ ಅವಳನ್ನೇ ಕೇಳಬೇಕು," ಎಂದು ಎದ್ದು ಹೋಗಿ ಮಗಳ ಹಿಂದೆ ನಿಂತೆ. "ಪುಟ್ಟಿ, ಏನಂತೀಯ? ತಗೊಳ್ಳೋಣ್ವಾ?"

ಅವಳು ತಿರುಗಲಿಲ್ಲ. ಪಂದ್ಯದಲ್ಲಿ ಹೊಡೆಯುವುದು ಒಟ್ಟು ಅರವತ್ತು ಗುಂಡು. ಅವಳ ಎದುರಿನ ತಟ್ಟೆಯಲ್ಲಿ ಉಳಿದದ್ದನ್ನೆಲ್ಲ ಆಗಲೇ ಸಾಲಾಗಿ ಜೋಡಿಸಿಟ್ಟುಕೊಂಡಿದ್ದಳು.

"ಅಪ್ಪ, ಈಗ ಮಾತಾಡಿಸ್ಬೇಡ," ಎಂದು ಗದರಿದಳು. "ಇನ್ನೂ ಐವತ್ತಿದೆ."

ಬೈಸಿಕೊಂಡು ಅಷ್ಟು ಸಂತೋಷಪಟ್ಟವನು ಆ ಸಂಜೆ ನನ್ನಂತೆ ಇನ್ನೊಬ್ಬ ಇರಲಿಕ್ಕಿಲ್ಲ. ಸದ್ದಾಗದಂತೆ ತುದಿಗಾಲಲ್ಲಿ ವಾಪಸ್ಸು ಬಂದು, ತಗೊಳ್ತೀವಿ ಎಂದು ಡಾಕ್ಟರಿಗೆ ಹೇಳಿದೆ.