ಕಡಿದ ಮುಳ್ಳುಪೊದೆ, ಇಳಿಯದ ಹಕ್ಕಿ

ಅಜ್ಜಿ ಅನ್ನಕ್ಕೆ ಎಳ್ಳು ಕಲಸಿ ಉಂಡೆ ಕಟ್ಟಿದರು. ನಾನು ತಟ್ಟೆ ತೊಳೆದು ಒರೆಸಿಕೊಟ್ಟೆ. ಅಂದು ಅಜ್ಜನ ತಿಥಿ. ೨೦೦೬ರ ಅಕ್ಟೋಬರ್. ಸ್ವೀಡನ್ನಿನ ಲಿಂಕೋಪಿಂಗ್‌ನ ಮಂಜು ಕಿಟಕಿಗೆ ಅಂಟಿಕೊಂಡಿತ್ತು.

ನಮ್ಮಲ್ಲಿ ಕಾಗೆಯ ಪಾಲನ್ನು ತಿನ್ನುತ್ತಿದ್ದುದು ಇಲ್ಲಿನವರು ಸ್ಕಾಟಾ ಎನ್ನುವ ಒಂದು ಜೋಡಿ ಹಕ್ಕಿಗಳು. ಕಪ್ಪು ಬಿಳುಪು ಮೈ, ಉದ್ದ ಬಾಲ. "ಕಾಗೆಯ ತಂಗಿಯೇ ಬಿಡು" ಎಂದು ಅಜ್ಜಿ ಒಪ್ಪಿಕೊಂಡಿದ್ದರು.

ಈ ಸಲ ಅವು ಎದುರು ಮನೆಯ ಹೆಂಚಿನ ಮೇಲೆ ಕುಳಿತು ನಮ್ಮನ್ನೇ ನೋಡುತ್ತಿದ್ದವು. ಇಳಿಯಲಿಲ್ಲ. ಕೂಗಲೂ ಇಲ್ಲ.

ಹಕ್ಕಿ ಮುಟ್ಟದೆ ಅಜ್ಜಿ ಉಣ್ಣುವವರಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನ ದಾಟಿದರೂ ಏನೂ ತಿಂದಿರಲಿಲ್ಲ.

"ಏನೋ ಆಸೆ ಉಳಿದಿದೆ ಕಣೋ ನಿಮ್ಮಪ್ಪನಿಗೆ. ಮಾತು ಕೊಡೋ ರಘು."

ನನ್ನ ಅಪ್ಪ ಹೆಂಚಿನತ್ತ ಕೈ ಮುಗಿದರು. "ಊರಿನ ಸೈಟ್ ಮಾರಲ್ಲಪ್ಪಾ." ಹಕ್ಕಿಗಳು ಕದಲಲಿಲ್ಲ. "ಸಿಗರೇಟ್ ಬಿಡ್ತೀನಿ."

"ಸೇದ್ತೀಯಾ ನೀನು?" ಎಂದರು ಅಜ್ಜಿ.

ಆಗ ಪಕ್ಕದ ಬೀದಿಯ ಪದ್ಮಿನಿ ಆಂಟಿ ಈ ಮಾತು ಕೇಳುತ್ತಲೇ ಬಂದರು. ಅವರು ಇಲ್ಲಿನ ತೋಟಗಾರರ ಸಂಘದ ಸದಸ್ಯೆ. ಬಾಗಿಲ ಬಳಿಯ ಮೋಟನ್ನು ನೋಡಿ ನಿಂತರು.

"ಇಲ್ಲಿದ್ದ ಹಾಗ್‌ಟೋರ್ನ್ ಪೊದೆ ಎಲ್ಲಿ?"

"ಏಪ್ರಿಲ್‌ನಲ್ಲೇ ಕಟ್ ಮಾಡಿಸ್ಬಿಟ್ವಿ. ಬಾಗಿಲ ಮುಂದೆ ಮುಳ್ಳಿನ ಗಿಡ, ವಾಸ್ತುಗೆ ಆಗಲ್ಲ ಅಂತ ಅಮ್ಮ..." ಎಂದರು ಅಪ್ಪ.

"ಅದ್ರಲ್ಲಿ ಇವುಗಳ ಗೂಡಿತ್ತಲ್ವಾ?"

ಗೂಡಿತ್ತು. ಅದರಲ್ಲಿ ಮೊಟ್ಟೆಗಳೂ ಇದ್ದವು.

"ಹಂಗಾದ್ರೆ ಮಾತು ಕೊಡ್ಬೇಕಾಗಿರೋದು ಯಾರಿಗೆ, ರಘು?" ಎಂದರು ಆಂಟಿ.

"ಅಲ್ರೀ, ಒಂದು ಮುಳ್ಳು ಪೊದೆಗೆ ಇಷ್ಟೊಂದಾ? ಸುತ್ತಲೂ ಥುಯಾ ಗಿಡದ ಬೇಲಿ ಹಾಕ್ಸಿದೀನಲ್ಲ, ವರ್ಷಪೂರ್ತಿ ಗ್ರೀನ್!"

"ಗ್ರೀನ್ ಇದೆ. ಜೇನಿಗೆ ಹೂವಿಲ್ಲ, ಹಕ್ಕಿಗೆ ಹಣ್ಣಿಲ್ಲ. ಹಾಗ್‌ಟೋರ್ನ್ ಈ ನೆಲದ್ದೇ ಗಿಡ. ಜೂನ್‌ಗೆ ಬಿಳಿ ಹೂವು, ಚಳಿಗೆ ಕೆಂಪು ಹಣ್ಣು. ನಿಮಗೆ ಚುಚ್ಚೋ ಮುಳ್ಳು, ಬೆಕ್ಕು ಬಂದ್ರೆ ಅವುಗಳ ಮನೆಗೆ ಚಿಲಕ."

ಅಜ್ಜಿ ಬಾಗಿಲಿಗೆ ಬಂದು ಮೋಟನ್ನು ನೋಡಿದರು. "ಬಾಗಿಲ ಮುಂದೆ ಬೇಡ. ಬೇರೆ ಎಲ್ಲಿ ನೆಡೋದು?"

"ಬಿಸಿಲು ಬೀಳೋ ಮೂಲೇಲಿ ನೆಡಿ ರಾಜಲಕ್ಷ್ಮಮ್ಮ. ನೆಲ ಹೆಪ್ಪುಗಟ್ಟೋ ಮುಂಚೆ. ಮೊದಲ ಬೇಸಿಗೆ ನೀರು ಬೇಕು. ವರ್ಷಾವರ್ಷ ಕತ್ತರಿಸಿದ್ರೆ ಹೂವು ಬರಲ್ಲ. ಔಷಧಿ ಹೊಡೀಲೇಬೇಡಿ."

ಅಜ್ಜಿ ಅಂಗಳಕ್ಕಿಳಿದು ಹೆಂಚಿನತ್ತ ಮುಖ ಎತ್ತಿದರು. "ನೆಡ್ತೀವಿ" ಎಂದರು. ಒಳಗೆ ಬಂದು, ಹಕ್ಕಿ ಮುಟ್ಟದೆಯೇ, ಮೊದಲ ಸಲ ಊಟಕ್ಕೆ ಕುಳಿತರು.

ಆ ವಾರವೇ ಗಿಡ ತಂದೆವು. ಗುಂಡಿ ತೋಡಿದ್ದು ಅಪ್ಪನೇ. ಅಷ್ಟು ಹೊತ್ತೂ ಆ ಹಕ್ಕಿಗಳ ಎರಡು ನೆರಳುಗಳು ಹುಲ್ಲಿನ ಮೇಲೆ ಅಲುಗಾಡದೆ ಬಿದ್ದಿದ್ದವು.

ಓದುತ್ತಿರುವವರೇ, ಒಂದು ಬೆಳಿಗ್ಗೆ ನಿಮ್ಮ ಅಂಗಳದಲ್ಲಿ ನಿಂತು ಕಿವಿಗೊಡಿ. ಏನೂ ಕೇಳಿಸದಿದ್ದರೆ ಆ ನೆಲದ್ದೇ ಹೂಗಿಡವೊಂದನ್ನು ನೆಡಿ. ಇರುವ ಪೊದೆಯನ್ನು ಕಡಿಯುವ ಮೊದಲು ಒಳಗೆ ಇಣುಕಿ. ಗೂಡಿದ್ದರೆ ಕತ್ತಿ ಕೆಳಗಿಡಿ. ಕಡಿಯಲು ಒಂದು ಬೆಳಿಗ್ಗೆ ಸಾಕು. ಬೆಳೆಯಲು ಹಾಗಲ್ಲ. ನೆಟ್ಟು ಒಂದು ವರ್ಷವಾಯಿತು, ನಮ್ಮದು ಇನ್ನೂ ಮೊಣಕಾಲೆತ್ತರವಿದೆ.

ಈ ವರ್ಷದ ತಿಥಿಗೆ ಅಜ್ಜಿ ಆ ಪುಟ್ಟ ಗಿಡದ ಬುಡದಲ್ಲಿ ಉಂಡೆ ಇಟ್ಟರು. ಹೆಂಚಿನ ಮೇಲೆ ಎರಡೂ ಹಕ್ಕಿಗಳು ಕುಳಿತಿದ್ದವು.

"ಬಂದು ತಿನ್ನಿ" ಎಂದು ಅಜ್ಜಿ ಅವುಗಳನ್ನೇ ಕರೆದರು.