ಡಬ್ಬಿಯ ಮೇಲಿನ ಮಾತು

ಮೆದುಳಿನ ಸಂಶೋಧಕಿಯಾದ ಅವಳು ಸಂದರ್ಶನವೊಂದರಲ್ಲಿ ಹೇಳಿದ್ದ ಎರಡು ಮಾತುಗಳಲ್ಲಿ ಒಂದನ್ನು ಕತ್ತರಿಸಿ, ಉಳಿದದ್ದನ್ನು ಅವಳ ಫೋಟೋ ಸಮೇತ ಪ್ರೋಟೀನು ಪುಡಿಯ ಡಬ್ಬಿಯ ಮೇಲೆ ಅಚ್ಚು ಹಾಕಿಸಿದರು.

ಉಳಿಸಿಕೊಂಡದ್ದು: ‘ಬೆಳೆದ ಮೆದುಳಿನಲ್ಲಿ ನರಕೋಶದ ಕವಲುಗಳು ಉದುರದಂತೆ ಹಿಡಿದಿಡುವುದು ಪ್ರೋಟೀನುಗಳೇ.’ ಬಿಟ್ಟದ್ದು: ‘ಆ ಪ್ರೋಟೀನುಗಳನ್ನು ಕೋಶ ತನ್ನೊಳಗೇ ಕಟ್ಟಿಕೊಳ್ಳಬೇಕು, ನಾವು ತಿಂದ ಪ್ರೋಟೀನು ಹೊಟ್ಟೆಯಲ್ಲೇ ಚೂರುಚೂರಾಗುತ್ತದೆ, ಹಾಗೇ ಹೋಗಿ ಮೆದುಳಲ್ಲಿ ಕೂರುವುದಿಲ್ಲ.’

ಪುಡಿಯ ಕಂಪನಿ ಅವಳು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಹೊಸ ಮೈಕ್ರೋಸ್ಕೋಪು ಕೊಡಿಸಿತ್ತು. ಹಾಗಾಗಿ ಬಿಟ್ಟ ಮಾತು ಅಲ್ಲಿನ ಮುಖ್ಯಸ್ಥರ ಕಣ್ಣಿಗೆ ಬೀಳಲಿಲ್ಲ.

ಈಗ ಟಿ.ವಿ. ಜಾಹೀರಾತಿನ ಸರದಿ. ಅವಳ ಬಿಳಿ ಕೋಟಿಗೆ ಇಸ್ತ್ರಿ, ಮೂಗಿಗೆ ಪೌಡರು. ವಾಸನೆ ಬರುತ್ತದೆಂದು ಇಲಿಗಳ ಪಂಜರವನ್ನು ಹೊರಗಿಟ್ಟರು. ಕ್ಯಾಮೆರಾಗೆ ಮೂಗಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಖಾಲಿ ಗಾಜಿನ ಪಾತ್ರೆಗಳಿಗೆಲ್ಲ ಜಾಹೀರಾತಿನವನು ನೀಲಿ ನೀರು ತುಂಬಿಸಿದ. “ನೀಲಿ ಇಲ್ದಿದ್ರೆ ಜನ ವಿಜ್ಞಾನ ಅಂತ ನಂಬಲ್ಲ ಮೇಡಂ.”

ಮನೆಯ ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಚೆನ್ನಾಗಿರುತ್ತದೆಂದು ಅವನು ಅವಳ ಚಿಕ್ಕಪ್ಪನನ್ನೂ ಕರೆಸಿದ್ದ. ಚಿಕ್ಕಪ್ಪ ದರ್ಜಿ. ಈಚೆಗೆ ಮರೆವು.

“ಪುಡಿ ಕುಡಿದ ಮೇಲೆ ಹೇಗಿದೆ ಯಜಮಾನ್ರೇ?”

“ಹೋದ ವಾರ ಒಂದೇ ಅಂಗಿಗೆ ಎರಡೂ ಎಡತೋಳು ಕೂರಿಸಿದೆ. ಗಿರಾಕಿ ಅದನ್ನೇ ಹಾಕ್ಕೊಂಡು ಹೊರಟುಹೋದ. ಅವನಿಗೂ ಒಂದು ಡಬ್ಬಿ ಕೊಡಿ, ಪಾಪ.”

ಎಲ್ಲರೂ ನಕ್ಕರು. ಅವಳೂ ನಕ್ಕಳು.

“ಅದಕ್ಕೇ ಈಗ ಎರಡು ಹೊತ್ತೂ ಕುಡೀತೀನಿ. ಬಿ.ಪಿ. ಮಾತ್ರೆ, ಮರೆವಿನ ಮಾತ್ರೆ ಎಲ್ಲ ನಿಲ್ಲಿಸಿಬಿಟ್ಟೆ.”

“ನಿಲ್ಲಿಸು ಅಂತ ಯಾರು ಹೇಳಿದ್ದು ಚಿಕ್ಕಪ್ಪ?”

“ನೀನೇ. ಡಬ್ಬಿ ಮೇಲೆ ನಿಂತಿದ್ದೀಯಲ್ಲಮ್ಮ, ಹಲ್ಲು ಬಿಟ್ಕೊಂಡು. ಆ ಡಾಕ್ಟರು ನನಗೇನಾಗಬೇಕು? ನೀನು ನಾನೇ ಎತ್ತಿ ಆಡಿಸಿದ ಮಗು.”

ಜಾಹೀರಾತಿನವನು ಚಪ್ಪಾಳೆ ತಟ್ಟಿದ. “ಸೂಪರ್. ಮಾತ್ರೆ ವಿಷಯ ಬೇಡ, ಮಗು ವಿಷಯ ಇಟ್ಕೊಳ್ಳೋಣ. ಮೇಡಂ, ಈಗ ನಿಮ್ಮ ಮಾತು.”

“ನಾನು ಹೇಳಿದ್ದು ಎರಡು ಮಾತು. ಹೇಳಿದ್ರೆ ಎರಡೂ ಹೇಳ್ತೀನಿ.”

“ಎರಡನೇದಕ್ಕೆ ಜಾಗ ಇಲ್ಲ ಮೇಡಂ. ಅಲ್ಲಿ ಸಂಗೀತ ಬರುತ್ತೆ.”

ಮುಖ್ಯಸ್ಥರು ಹತ್ತಿರ ಬಂದು ದನಿ ತಗ್ಗಿಸಿದರು. “ಸುಳ್ಳೇನೂ ಹೇಳಿಸ್ತಿಲ್ವಲ್ಲ. ನಿಂದೇ ಮಾತು, ಅಷ್ಟು ಹೇಳಿ ಮುಗಿಸು. ನಾಳೆಯಿಂದಲೂ ಇಲ್ಲೇ ಕೆಲಸ ಮಾಡಬೇಕು ಅಂತ ಆಸೆ ಇದೆ ತಾನೇ?”

ಅವಳು ಕ್ಯಾಮೆರಾಗೆ ಬೆನ್ನು ಹಾಕಿ ಕುರ್ಚಿಯನ್ನು ಚಿಕ್ಕಪ್ಪನ ಎದುರಿಗೆಳೆದು ಕೂತಳು. ಅವನ ತೋಳಿನ ಗುಂಡಿ ಬಿಚ್ಚಿ, ನಾಡಿಯ ಮೇಲೆ ಬೆರಳಿಟ್ಟಳು.

“ಮೇಡಂ, ಈ ಕಡೆ ತಿರುಗಿ.”

“ತಿರುಗಲ್ಲ.”

“ಕರೀತಿದ್ದಾರಲ್ಲಮ್ಮ,” ಎಂದ ಚಿಕ್ಕಪ್ಪ.

“ಮಾತಾಡಬೇಡ. ಎಣಿಸ್ತಿದ್ದೀನಿ.”

ದೀಪಗಳೆಲ್ಲ ಅವಳ ಬೆನ್ನ ಮೇಲೆ ಉರಿಯುತ್ತಲೇ ಇದ್ದವು.