ಕೊಂಬು ಅಂಟಲಿಲ್ಲ ಅಂತ ಸುಮ್ಮನಿರಬೇಡಿ

ನಮ್ಮ ಪುಂಟಾ ಲಿನಾವ್ ಊರಿನಲ್ಲಿ ಮನೆಗಳಿಗಿಂತ ನಾಯಿಗಳು ಹೆಚ್ಚು. ಯಾರ ನಾಯಿ ಇದು ಎಂದು ಕೇಳಿದರೆ ಎಲ್ಲರೂ ಪಕ್ಕದ ಮನೆಯ ಕಡೆ ಕೈ ತೋರಿಸುತ್ತಾರೆ. ಮೀನು ಸುಡುವ ವಾಸನೆ ಬಂದರೆ ಸಾಕು, ದಂಡೆಯ ತುಂಬ ಬಾಲಗಳು ಅಲ್ಲಾಡುತ್ತವೆ. ಪ್ರವಾಸಕ್ಕೆ ಬಂದವರಿಗೆ ಇದೆಲ್ಲ ಚೆಂದ. ಮುದ್ದು ಮಾಡುತ್ತಾರೆ, ಫೋಟೋ ತೆಗೆಯುತ್ತಾರೆ, ತಟ್ಟೆಯಲ್ಲಿ ಉಳಿದ ಮೀನಿನ ತಲೆ ಹಾಕುತ್ತಾರೆ. ಕಚ್ಚಿದಾಗ ಮಾತ್ರ ನಮ್ಮ ಮನೆಗೆ ಓಡಿ ಬರುತ್ತಾರೆ.

ಯಾಕೆಂದರೆ ನಮ್ಮಪ್ಪನ ಹತ್ತಿರ ಕೊಂಬು ಇದೆ. ಊರಿಗೆಲ್ಲ ಅವರು ಇಂಗೋ ಅಜ್ಜ. ಸುಟ್ಟು ಕಪ್ಪಾಗಿಸಿದ ಜಿಂಕೆ ಕೊಂಬಿನ ತುಂಡು ಅದು, ಹೆಬ್ಬೆರಳಿನಷ್ಟಿದೆ. ನಾಯಿ ಕಚ್ಚಿದ ಜಾಗದ ಮೇಲೆ ಇಡುತ್ತಾರೆ. ಅಂಟಿಕೊಂಡರೆ ವಿಷ ಇದೆ, ಕೊಂಬು ಅದನ್ನು ಹೀರಿ ತೆಗೆಯುತ್ತದೆ. ಬಿದ್ದರೆ ವಿಷ ಇಲ್ಲ, ಮನೆಗೆ ಹೋಗಿ ಅನ್ನ ಉಂಡು ಮಲಗಿ. ನಮ್ಮ ತಾತನೂ ಹೀಗೇ ಮಾಡುತ್ತಿದ್ದರು. ಊರು ನಂಬಿತ್ತು, ನಾನೂ ನಂಬಿದ್ದೆ. ಹೆತ್ತ ಅಪ್ಪನನ್ನು ನಂಬದೆ ಇನ್ನಾರನ್ನು ನಂಬಲಿ?

ನನ್ನ ಹೆಸರು ಪುರಿಂಗ್. ಕಡಲಿಗೆ ಮುಖ ಮಾಡಿರುವ ಮೂರು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತೇನೆ. ಅಡುಗೆಯೂ ನನ್ನದೇ. ಒಂದು ಬೇಸಿಗೆಯಲ್ಲಿ ಮನಿಲಾದಿಂದ ಇಬ್ಬರು ಗೆಳತಿಯರು ಬಂದರು. ಬೆನ್ನ ಮೇಲಿನ ಚೀಲಗಳು ಅವರಿಗಿಂತ ದೊಡ್ಡವಾಗಿದ್ದವು. ರೊವೆನಾ ಎನ್ನುವವಳು ನಗುವುದಕ್ಕೇ ಹುಟ್ಟಿದವಳು. ಚಾರಿತ್ ಎನ್ನುವವಳು ಮೋಡ ಕಂಡರೆ ಕೊಡೆ ಹುಡುಕುವವಳು. ಒಂದೇ ಬಟ್ಟೆ ಅಂಗಡಿಯಲ್ಲಿ ಕೆಲಸ, ರಜೆಯನ್ನು ಕೂಡಿಸಿಟ್ಟು ಹೊರಟಿದ್ದರು. ಮರುದಿನ ಬೆಳಿಗ್ಗೆ ದೋಣಿ ಹತ್ತಿ ಆಚೆಯ ದ್ವೀಪಕ್ಕೆ ಹೋಗಬೇಕು. ಗಾಳಿ ಏಳುತ್ತದೆ ಎಂದು ರೇಡಿಯೋ ಹೇಳಿತ್ತು. ಆ ದೋಣಿ ತಪ್ಪಿದರೆ ಮತ್ತೆ ಯಾವಾಗಲೋ, ದೇವರೇ ಬಲ್ಲ.

ಆ ಮಧ್ಯಾಹ್ನ ಇಬ್ಬರೂ ದಂಡೆಯಿಂದ ಓಡೋಡಿ ಬಂದರು. ರೊವೆನಾಳ ಹೆಬ್ಬೆರಳಿನ ಬುಡದಲ್ಲಿ ಎರಡು ಸಣ್ಣ ತೂತು.

"ಏನೂ ಇಲ್ಲ ಪುರಿಂಗಕ್ಕ, ನಾಯಿಮರಿ," ಎಂದು ರೊವೆನಾ ನಕ್ಕಳು. "ದೋಣಿ ಕೆಳಗೆ ಒಂದೇ ಮಲಗಿತ್ತು, ಪಾಪ. ಮೀನು ಕೊಟ್ರೆ ಮುಟ್ಲಿಲ್ಲ. ಎತ್ತಿಕೊಂಡ್ರೆ ಕಚ್ಚಿಬಿಡ್ತು."

"ಜೊಲ್ಲು ಸುರಿಸ್ತಿತ್ತು ಅಂತ ಯಾಕೆ ಹೇಳಲ್ಲ?" ಎಂದಳು ಚಾರಿತ್. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಮಕ್ಕಳೂ ಜೊಲ್ಲು ಸುರಿಸ್ತವೆ."

ನಾನು ಒಲೆ ಬಿಟ್ಟು ಬೆಳ್ಳುಳ್ಳಿ ಜಜ್ಜಿಕೊಂಡು ಬಂದೆ. ನಮ್ಮಲ್ಲಿ ಮೊದಲ ಮದ್ದು ಅದೇ, ಗಾಯಕ್ಕೆ ತಿಕ್ಕುವುದು. ಚಾರಿತ್ ನನ್ನ ಕೈ ತಡೆದಳು.

"ಬೇಡ ಅಕ್ಕ. ಸೋಪು ಕೊಡಿ, ನಲ್ಲಿ ಎಲ್ಲಿ?"

ರೊವೆನಾಳನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿಸಿದಳು. ಇವಳು ಒಂದು ಗಳಿಗೆ ಹಿಡಿದಳು, ಉರಿ ಉರಿ ಎಂದು ಕೈ ಕಿತ್ತುಕೊಂಡಳು, ಲಂಗಕ್ಕೆ ಒರೆಸಿಕೊಂಡಳು. ಅಷ್ಟರಲ್ಲಿ ಅಪ್ಪ ಬಂದರು. ಅವರದು ಮಾತು ಕಡಿಮೆ. ಅಂಗಿಯ ಜೇಬಿನಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿ, ಕೊಂಬು ತೆಗೆದು, ಗಾಯದ ಮೇಲಿಟ್ಟು ಒತ್ತಿದರು. ಕೈ ಬಿಟ್ಟರು. ಕೊಂಬು ನೆಲಕ್ಕೆ ಬಿತ್ತು. ಇನ್ನೊಮ್ಮೆ ಇಟ್ಟರು, ಮತ್ತೆ ಬಿತ್ತು.

"ವಿಷ ಇಲ್ಲ ಮಗಳೇ," ಎಂದರು ಅಪ್ಪ. "ಮರಿ ಅಲ್ವಾ, ಅದಕ್ಕೆಲ್ಲಿಂದ ಬರುತ್ತೆ?"

ರೊವೆನಾ ಗೆಳತಿಯ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ, ಅಳುಬುರುಕಿ?"

"ಪೇಟೆ ಆಸ್ಪತ್ರೆಗೆ ಹೋಗೋಣ. ಕೊನೇ ಜೀಪ್ನಿ ಗಾಡಿ ಇನ್ನೂ ಹೊರಟಿಲ್ಲ."

"ಆಮೇಲೆ? ಇವತ್ತೊಂದು ಸೂಜಿ, ಮೂರು ದಿನ ಬಿಟ್ಟು ಬಾ ಅಂತಾರೆ. ದೋಣಿ? ಅದಕ್ಕೋಸ್ಕರ ಎಷ್ಟು ಭಾನುವಾರ ಕೆಲಸ ಮಾಡಿದ್ದೀವಿ, ನೆನಪಿದ್ಯಾ?"

"ದೋಣಿ ಹೋದ್ರೆ ಹೋಗಲಿ ಕಣೇ."

"ನೀನು ಬರೋದಾದ್ರೆ ಬಾ, ಇಲ್ದಿದ್ರೆ ಇಲ್ಲೇ ಬಿದ್ದಿರು. ನಾನಂತೂ ಬೆಳಿಗ್ಗೆ ಹೊರಟೆ."

ಚಾರಿತ್ ಗೆಳತಿಯ ಕೈ ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. "ನಮ್ಮ ಬೀದೀಲಿ ಬೆಂಜಿ ಅಂತ ಒಬ್ಬ ಇದ್ದ. ಅವನಿಗೂ ಮರೀನೇ ಕಚ್ಚಿದ್ದು. ಅವನಮ್ಮನೂ ಬೆಳ್ಳುಳ್ಳಿ ತಿಕ್ಕಿದ್ರು. ಗಾಯ ಮಾದುಹೋಯ್ತು, ಎಲ್ಲರೂ ಮರೆತ್ರು. ಎಷ್ಟೋ ವಾರ ಆದ್ಮೇಲೆ ಒಂದಿನ ನೀರಿನ ಲೋಟ ಕಂಡು ನಡುಗೋಕೆ ಶುರು ಮಾಡಿದ. ಬಾಯಾರಿಕೆ ಅಂತ ಅಳ್ತಾನೆ, ಲೋಟ ತಂದ್ರೆ ಗಂಟಲು ಹಿಡ್ಕೊಳ್ಳುತ್ತೆ. ಆಗ ಆಸ್ಪತ್ರೆಗೆ ಹೊತ್ಕೊಂಡು ಹೋದ್ರು. ಡಾಕ್ಟ್ರು ಕೈ ಚೆಲ್ಲಿದ್ರು. ಕಾಯಿಲೆ ತಲೆ ಎತ್ತಿದ ಮೇಲೆ ಮದ್ದಿಲ್ಲ ಅಂದ್ರು."

ರೊವೆನಾ ನೆಲ ನೋಡುತ್ತ, "ಅವನಿಗೆ ಕೊಂಬು ಇಟ್ಟಿರ್ಲಿಲ್ಲ," ಎಂದಳು. ನನಗೆ ಒಳಗೊಳಗೇ ಸಮಾಧಾನವಾಯಿತು. ಅಪ್ಪನ ಮರ್ಯಾದೆ ಉಳಿಯಿತಲ್ಲ.

ಚಾರಿತ್ ಅಪ್ಪನ ಮುಂದೆ ಬಂದು ಮಣೆಯ ಮೇಲೆ ಕುಳಿತಳು. ಪ್ಯಾಂಟು ಮೇಲೆತ್ತಿ ಮೊಣಕಾಲ ಕೆಳಗಿನ ಗಾಯ ತೋರಿಸಿದಳು. ಚರ್ಮ ಸುಲಿದು ರಕ್ತ ಇನ್ನೂ ಜಿನುಗುತ್ತಿತ್ತು.

"ಅಜ್ಜ, ನನಗೂ ಒಂದ್ಸಲ ಇಡಿ."

"ನಿನಗೂ ಕಚ್ಚಿತಾ? ಮೊದಲೇ ಹೇಳ್ಬಾರ್ದಾ?" ಅಪ್ಪ ಗಾಬರಿಯಿಂದ ಕೊಂಬು ಇಟ್ಟರು. ಈ ಸಲ ಕೊಂಬು ಬೀಳಲಿಲ್ಲ. ಜಿಗಣೆಯ ಹಾಗೆ ಕಚ್ಚಿಕೊಂಡಿತು. ಅಪ್ಪನ ಹಣೆಯಲ್ಲಿ ಬೆವರು ಮೂಡಿತು.

"ಇದರಲ್ಲಿ ವಿಷ ಇದೆ ಮಗಳೇ. ಅಲ್ಲಾಡ್ಬೇಡ."

"ನಾಯಿ ಕಚ್ಚಿದ್ದಲ್ಲ ಅಜ್ಜ," ಎಂದಳು ಚಾರಿತ್. "ಓಡಿ ಬರ್ತಾ ಬಂಡೆ ಮೇಲೆ ಬಿದ್ದೆ, ಚಿಪ್ಪು ಕೊಯ್ತು. ರಕ್ತ ಹಸಿಯಾಗಿದ್ರೆ ಕೊಂಬು ಅಂಟುತ್ತೆ. ಅವಳು ತೊಳೆದು ಒರೆಸ್ಕೊಂಡಿದ್ಲು, ಬಿದ್ದುಹೋಯ್ತು. ಅಷ್ಟೇ ಅಜ್ಜ. ಕ್ಷಮಿಸಿ, ಬೇರೆ ದಾರಿ ಕಾಣ್ಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ನಮ್ಮ ಮನೇಲಿ ಉಂಡು ನಮ್ಮಪ್ಪನ್ನೇ ಪರೀಕ್ಷೆ ಮಾಡ್ತೀಯಾ? ಏಳು, ಚೀಲ ಎತ್ಕೊ," ಎಂದೆ. ಒಲೆಯ ಪಕ್ಕದ ಸೌಟು ನನ್ನ ಕೈಗೆ ಬಂದಿತ್ತು.

"ಪುರಿಂಗ್, ಸುಮ್ನಿರು," ಎಂದರು ಅಪ್ಪ.

ಅವರು ಕೊಂಬು ಕಿತ್ತು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ರೊವೆನಾಳನ್ನು ಕೇಳಿದರು. "ಆ ಮರಿ ಹೇಗಿತ್ತು? ಬಿಳೀದಾ? ಒಂದು ಕಿವಿ ಕಪ್ಪಾ?"

"ಹೌದಜ್ಜ."

ಅಪ್ಪ ಬಗ್ಗಿ ತಮ್ಮ ಪ್ಯಾಂಟಿನ ಕಾಲು ಮಡಚಿದರು. ಹಿಮ್ಮಡಿಯ ಮೇಲೆ ಎರಡು ಸಣ್ಣ ಕಲೆ, ಅಂಚು ಕೆಂಪಗೆ ಊದಿತ್ತು.

"ಮೊನ್ನೆ ಬಲೆ ಬಿಡಿಸ್ತಾ ಕೂತಿದ್ದೆ, ಬಂದು ಕಚ್ತು. ಕೊಂಬು ಇಟ್ಕೊಂಡೆ, ಬಿತ್ತು. ಸುಮ್ಮನಾದೆ," ಎಂದರು.

ಸೌಟು ನನ್ನ ಕೈಯಿಂದ ಯಾವಾಗ ಜಾರಿತೋ ಗೊತ್ತಿಲ್ಲ. ಅಮ್ಮ ಹೋದ ಮೇಲೆ ನನಗೆ ಇರುವುದು ಅವರೊಬ್ಬರೇ. ಲೋಟ ಕಂಡು ನಡುಗುವ ಆ ಬೆಂಜಿಯ ಮುಖ ನಾನು ನೋಡಿದ್ದಿಲ್ಲ. ಆದರೆ ಆ ಕ್ಷಣ ಕಂಡಿತು, ಅಪ್ಪನ ಮುಖವಾಗಿ ಕಂಡಿತು. ಮರ್ಯಾದೆ, ಕೋಪ ಎಲ್ಲ ಎಲ್ಲಿ ಹೋದವೋ. ನಾನೇ ಹೋಗಿ ನಲ್ಲಿ ತಿರುಗಿಸಿದೆ.

"ಅಕ್ಕ, ಕಡಿಮೆ ಅಂದ್ರೆ ಹದಿನೈದು ನಿಮಿಷ ಸೋಪು ಹಾಕಿ ತೊಳೀಬೇಕು, ನೀರು ಹರೀತಾನೇ ಇರಬೇಕು," ಎಂದಳು ಚಾರಿತ್. "ಅಜ್ಜಂದೂ. ಹಳೇ ಗಾಯ ಆದ್ರೂ ತೊಳೀಬೇಕು."

ಗಡಿಯಾರ ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಜಪಮಾಲೆ ತೆಗೆದುಕೊಂಡೆ. ನಮ್ಮಲ್ಲಿ ಒಂದು ಸುತ್ತು ಮುಗಿಯಲು ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕು. ನಾನು ಜಪ ಮಾಡಿದೆ, ಅಪ್ಪ ಕಾಲು ತೊಳೆದರು, ರೊವೆನಾ ಕೈ ತೊಳೆದಳು. ಈ ಸಲ ಉರಿ ಎನ್ನಲಿಲ್ಲ. ಅತ್ತ ರಸ್ತೆಯಲ್ಲಿ ಜೀಪ್ನಿ ಹಾರನ್ ಹೊಡೆಯುತ್ತಿತ್ತು. ಚಾರಿತ್ ಕುಂಟುತ್ತ ಓಡಿ ಅದರ ಮುಂದೆ ಅಡ್ಡ ನಿಂತಳು. ಚಾಲಕ ಬೈದ, ಇವಳು ಕದಲಲಿಲ್ಲ.

ಹತ್ತುವಾಗ ಅಪ್ಪ ಒಂದು ಕ್ಷಣ ಹಿಂಜರಿದರು. ಅವರು ಹುಟ್ಟಿದಾಗಿನಿಂದ ಸೂಜಿ ಕಂಡವರಲ್ಲ. ರೊವೆನಾ ಅವರ ತೋಳು ಹಿಡಿದುಕೊಂಡಳು.

"ನೀವು ಚುಚ್ಚಿಸ್ಕೊಂಡ್ರೆ ನಾನೂ ಚುಚ್ಚಿಸ್ಕೋತೀನಿ ಅಜ್ಜ."

"ನೀನು ಅಳಲ್ಲ ಅಂದ್ರೆ ನಾನೂ ಅಳಲ್ಲ," ಎಂದರು ಅಪ್ಪ.

ಆಸ್ಪತ್ರೆಯ ನರ್ಸಮ್ಮ ಗದರಲಿಲ್ಲ. ಗಾಯದ ಸುತ್ತ ಒಂದು ಮದ್ದಿನ ಸೂಜಿ, ತೋಳಿಗೆ ಲಸಿಕೆ, ಇಬ್ಬರಿಗೂ. "ತಡ ಆಯ್ತು ಅಂತ ಮನೇಲಿ ಕೂತ್ಕೋಬಾರ್ದು ತಾತ, ಬಂದಿದ್ದು ಒಳ್ಳೇದಾಯ್ತು," ಎಂದರು. "ಆದ್ರೆ ಒಂದು ಸೂಜಿಗೇ ಮುಗೀಲಿಲ್ಲ. ಹೇಳಿದ ದಿನ ಬಂದು ಎಲ್ಲಾ ಸುತ್ತೂ ಹಾಕಿಸ್ಕೋಬೇಕು. ಒಂದೂ ತಪ್ಪಿಸ್ಬೇಡಿ."

ಮರುದಿನ ಬೆಳಿಗ್ಗೆ ದೋಣಿ ಆ ಗೆಳತಿಯರಿಬ್ಬರನ್ನು ಬಿಟ್ಟು ಹೋಯಿತು. ಅದೇ ಹೊತ್ತಿಗೆ ಆ ಬಿಳಿ ಮರಿ ಬಲೆಗಳ ಪಕ್ಕ ಸತ್ತು ಬಿದ್ದಿದೆ ಎಂದು ಸುದ್ದಿ ಬಂತು. ಆಸ್ಪತ್ರೆಗೆ ತಿಳಿಸಿದೆವು, ಅವರ ಕಡೆಯವರು ಬಂದು ತೆಗೆದುಕೊಂಡು ಹೋದರು. ಅದಕ್ಕೆ ಹುಚ್ಚು ಹಿಡಿದಿತ್ತು ಎಂದು ಆಮೇಲೆ ಗೊತ್ತಾಯಿತು. ಅದು ತಿಳಿದ ಸಂಜೆ ರೊವೆನಾ ಚಾರಿತ್ ಪಕ್ಕ ಕೂತು ಅವಳ ಮೊಣಕಾಲಿನ ಪಟ್ಟಿ ಬದಲಾಯಿಸಿದಳು.

ಅಪ್ಪನೂ ರೊವೆನಾಳೂ ಒಂದು ಸೂಜಿಯನ್ನೂ ತಪ್ಪಿಸಲಿಲ್ಲ. ಆದರೂ ಆಮೇಲಿನ ವಾರಗಳು ನನಗೆ ಹೇಗೆ ಕಳೆದವು ಎಂದು ಹೇಳಲಾರೆ. ದಿನಾ ಬೆಳಿಗ್ಗೆ ಅಪ್ಪನಿಗೆ ಒಂದು ಲೋಟ ನೀರು ಕೊಡುತ್ತಿದ್ದೆ. ಕೊನೆಯ ಗುಟುಕು ಗಂಟಲಿಗೆ ಇಳಿಯುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದೆ.

"ಏನೇ, ಹಾಗೆ ನೋಡ್ತೀಯಾ?" ಎನ್ನುತ್ತಿದ್ದರು.

"ಏನಿಲ್ಲಪ್ಪ, ಕುಡೀರಿ."

ಕೊಂಬು ಈಗಲೂ ಅವರ ಜೇಬಿನಲ್ಲೇ ಇದೆ, ತಾತನ ನೆನಪಿಗೆ. ಯಾರಾದರೂ ಕಚ್ಚಿಸಿಕೊಂಡು ಬಂದರೆ ಅದನ್ನು ಹೊರಗೆ ತೆಗೆಯುವುದಿಲ್ಲ. ನಲ್ಲಿ ತೋರಿಸಿ, ಕೈಗೆ ಸೋಪು ಕೊಟ್ಟು, ಪಕ್ಕದಲ್ಲಿ ಕೂತು ಜಪಮಾಲೆ ಒಂದು ಸುತ್ತು ಮುಗಿಸುತ್ತಾರೆ. ಆಮೇಲೆ ತಾವೇ ಜೀಪ್ನಿ ಹತ್ತಿಸುತ್ತಾರೆ. ಊರ ನಾಯಿಗಳಿಗೆ ವರ್ಷ ವರ್ಷ ಲಸಿಕೆ ಹಾಕುವ ದಿನ ಹಗ್ಗ ಹಿಡಿದು ಮುಂದೆ ನಿಲ್ಲುವವರೂ ಅವರೇ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲಿ ಕೊಂಬು ಇಲ್ಲದಿರಬಹುದು. ಸುಣ್ಣವೋ, ಮೆಣಸಿನ ಪುಡಿಯೋ, ಮಂತ್ರದ ದಾರವೋ ಇದ್ದೀತು. ಕೊಟ್ಟವರ ಮೇಲೆ ಗೌರವ ಇರಲಿ, ಗಾಯಕ್ಕೆ ಮಾತ್ರ ಹಚ್ಚಬೇಡಿ. ಮರಿ ಕಚ್ಚಿದರೂ, ಮನೆಯದೇ ನಾಯಿ ಪರಚಿದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅಂದೇ ಆಸ್ಪತ್ರೆಗೆ ಹೋಗಿ. ನಿನ್ನೆ ಹೋಗಲಿಲ್ಲವೇ, ಇವತ್ತು ಹೋಗಿ. ಹೇಳಿದಷ್ಟೂ ಸೂಜಿ ಹಾಕಿಸಿಕೊಳ್ಳಿ. ಜೊತೆಯವರು ಬೇಡ ಎಂದು ನಕ್ಕರೆ, ಚಾರಿತ್ ಹಾಗೆ ಗಾಡಿಗೆ ಅಡ್ಡ ನಿಂತಾದರೂ ಕರೆದುಕೊಂಡು ಹೋಗಿ.

ದೋಣಿ ಮತ್ತೆ ಸಿಗುತ್ತದೆ. ಮುಂದಿನ ಬೇಸಿಗೆಯಲ್ಲಿ ಆ ಹುಡುಗಿಯರು ಬಂದು ದ್ವೀಪ ನೋಡಿ ಹೋದರು. ನಮ್ಮಪ್ಪ ಇವತ್ತು ಬೆಳಿಗ್ಗೆಯೂ ಒಂದು ಲೋಟ ನೀರು ಕುಡಿದರು.